ಹನುಮಪ್ಪನ ಪಾಳಿ

ರೊಟ್ಟಿಯ ಅಂಚು ಒಡೆದಿತ್ತು. ಮಲ್ಲಿಕಾ ಬೆರಳನ್ನು ನೀರಿಗೆ ಅದ್ದಿ ಒಡಕನ್ನು ಒತ್ತಿ ಮುಚ್ಚಿ ಮತ್ತೆ ಬಡಿಯತೊಡಗಿದಳು. ಅಂಗೈ ಬಿದ್ದಂತೆಲ್ಲ ಹಿಟ್ಟು ತಾನೇ ಸುತ್ತುತ್ತ ಅಗಲವಾಗುವುದು ಅವಳಿಗೆ ಹತ್ತು ಹನ್ನೊಂದರ ವಯಸ್ಸಿನಿಂದ ಗೊತ್ತಿದ್ದ ಸಂಗತಿ, ಅದಕ್ಕೆ ಮನಸ್ಸು ಬೇಕಿರಲಿಲ್ಲ. ಮನಸ್ಸು ನಾಲ್ಕು ಸಾವಿರ ಹೆಸರುಗಳ ನಡುವೆ ಇತ್ತು. ನಾಲ್ಕು ಸಾವಿರದಲ್ಲಿ ಒಂದು ಹೆಸರನ್ನು ಹುಡುಕಲು ಎಷ್ಟು ಹೆಜ್ಜೆ ಬೇಕು? ನಡುವಿನ ಹೆಸರನ್ನು ಮೊದಲು ನೋಡಿ, ಅದಕ್ಕಿಂತ ಹಿಂದೋ ಮುಂದೋ ಎಂದು ಕೇಳಿ, ಅರ್ಧವನ್ನು ಬಿಟ್ಟುಬಿಡಬೇಕು. ಉಳಿದರ್ಧದ ನಡುವನ್ನು ಮತ್ತೆ ನೋಡಬೇಕು. ಹನ್ನೆರಡು ಹೆಜ್ಜೆಗೆ ಹೆಸರು ಸಿಗುತ್ತದೆ, ಇಲ್ಲವಾದರೆ ಇಲ್ಲ ಎಂದು ಖಚಿತವಾಗುತ್ತದೆ. ಮೂರು ಭಾನುವಾರದ ಮಧ್ಯಾಹ್ನಗಳನ್ನು ಅವಳು ಯಾರಿಗೂ ಹೇಳದೆ ಇದರ ಮೇಲೆ ಕಳೆದಿದ್ದಳು. ಗಂಡ ಅಯ್ಯಪ್ಪ, ಈಗ ಬೆಳಗಿನ ಡ್ಯೂಟಿಗೆ ಹೋಗಿದ್ದವನು, ಅವಳು ಭಾನುವಾರ ಲ್ಯಾಪ್‌ಟಾಪ್ ಹಿಡಿದು ಕೂತದ್ದನ್ನು ನೋಡಿ, "ಆಫೀಸು ಮನಿಗೇ ಬಂತಲ್ಲ" ಎಂದಷ್ಟೇ ಹೇಳಿ ಟಿ.ವಿ.ಯ ಸದ್ದು ಕಡಿಮೆ ಮಾಡಿದ್ದ.

"ನಿನ್ನ ತಮ್ಮನ ಹೆಂಡ್ತಿ ಹನುಮಕ್ಕ ಮುಂಜಾನಿಗೆ ಹೋದಾಕಿ ಹೊತ್ತು ಇಳಿಯೋತನ ನಿಂತಿದ್ಲು ನೋಡು," ಎಂದಳು ಬೂದೆಮ್ಮ ಹಿಂದಿನಿಂದ. ಕಣ್ಣಿನ ಪೊರೆ ತೆಗೆಸಿಕೊಳ್ಳಲು ದೇವದುರ್ಗದ ಕಡೆಯ ಊರಿಂದ ರಾಯಚೂರಿಗೆ ಮಗಳ ಮನೆಗೆ ಬಂದಿದ್ದ ಅವಳು, ಕಪ್ಪು ಕನ್ನಡಕ ಹಾಕಿಕೊಂಡು ಅಡುಗೆಮನೆಯ ಬಾಗಿಲಿಗೆ ಒರಗಿ ಕೂತಿದ್ದಳು. "ಕಂಕುಳಾಗ ಕೂಸು. ಸಜ್ಜಿ ಬೀಜ ತರ್ತೀನಂತ ಹೋದ್ರ ಆ ಮಷಿನ್ನು ನಿನ ಹೆಸ್ರೇ ಇಲ್ಲ ಅಂತಂತ. ಹನುಮಪ್ಪನ ಪಾಳ್ಯಾಗ ಹೋಗಿ ನಿಂದ್ರು ಅಂದ್ನಂತ ಬೀಜ ಕೊಡಾಂವ."

ಮಲ್ಲಿಕಾಳ ಕೈ ನಿಂತಿತು. "ಎಂಥಾ ಪಾಳಿ?"

"ಗೊತ್ತಿಲ್ಲೇನು ನಿನಗ? ಹನುಮಂತ, ಹನುಮವ್ವ, ಹನುಮಕ್ಕ, ಹನುಮೇಶ, ಆ ದ್ಯಾವ್ರ ಹೆಸ್ರು ಇಟಗೊಂಡೋರಿಗೆಲ್ಲ ಬ್ಯಾರೆ ಪಾಳಿ ಮಾಡ್ಯಾರ. ಎಲ್ಲಾರದೂ ಮುಗದ ಮ್ಯಾಲೆ ಇವ್ರದು, ಹಾಳಿ ಮ್ಯಾಲೆ ಹುಡುಕಿ. ಹನುಮಪ್ಪ ಲಂಕಾ ಸುಟ್ಟು ಬಂದ, ಬೀಜದ ಅಂಗಡ್ಯಾಗ ಸಿಗಾಕ್ಕೊಂಡ ಅಂತ ಊರ ಮಂದಿ ನಗಾಕತ್ತಾರ." ಅವಳೇ ಸ್ವಲ್ಪ ನಕ್ಕಳು. ಆಮೇಲೆ, "ನೀ ಅದೇ ಮಷಿನ್ನಿನ ಆಫೀಸಿನಾಗ ಅಲ್ಲೇನು ಇರೋದು?" ಎಂದು ಕೇಳಿದಳು.

"ಅಲ್ಲೇ ಇರ್ತೀನಿ. ಆದ್ರ ಅದು ನನ್ನ ಕೆಲ್ಸ ಅಲ್ಲ ಬೇ."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಅದನ್ನು ಆಡಿದ ಮೇಲೆ ಅವಳು ರೊಟ್ಟಿಯನ್ನು ಎರಡೂ ಅಂಗೈಗಳ ಮೇಲೆ ಎತ್ತಿ ಹಂಚಿಗೆ ಹಾಕಿ, ಅದರ ಮೇಲೆ ಬಟ್ಟೆಯಿಂದ ನೀರು ಸವರಿ, ಹಬೆ ಏಳುವುದನ್ನು ನೋಡುತ್ತ ನಿಂತಳು. "ಅಲ್ಲೇನು? ಹಂಗಾದ್ರ ಯಾರದಂತ ಕೇಳರ ಕೇಳು ಹನುಮವ್ವಾ," ಎಂದಳು ತಾಯಿ. ಮಲ್ಲಿಕಾಳ ಕಣ್ಣು ತಾನಾಗಿ ಕಿಟಕಿಯ ಕಡೆ ಹೋಯಿತು. ಪಕ್ಕದ ಮನೆಯವರ ಕಿಟಕಿ ಮುಚ್ಚಿತ್ತು. ನಲವತ್ತಾರು ವರ್ಷದ ಹೆಂಗಸಿಗೆ ತನ್ನ ಹೆಸರನ್ನು ಯಾರಾದರೂ ಕೇಳಿಸಿಕೊಂಡರೋ ಎಂದು ಕಿಟಕಿ ನೋಡುವ ಚಟ ಇನ್ನೂ ಹೋಗಿರಲಿಲ್ಲ. ಆ ಹೆಸರಿನಿಂದ ಅವಳನ್ನು ಕರೆಯುವವಳು ಈಗ ತಾಯಿಯೊಬ್ಬಳೇ.

ದೇವದುರ್ಗದ ಶಾಲೆಯಲ್ಲಿ ಒಂದೇ ತರಗತಿಗೆ ನಾಲ್ವರು ಹನುಮವ್ವರಿದ್ದರು. ಹಾಜರಿ ಕೂಗುವ ಮಾಸ್ತರರಿಗೆ ಅಪ್ಪಂದಿರ ಹೆಸರು ಹಚ್ಚಿ ಕೂಗುವ ತಾಳ್ಮೆ ಇರಲಿಲ್ಲ. ಒಂದನೇ ಹನುಮವ್ವ, ಎರಡನೇ ಹನುಮವ್ವ ಎಂದು ಕೂಗುತ್ತಿದ್ದರು. ಇವಳು ಮೂರನೆಯವಳು. ಹೊಲದಲ್ಲಿ, ಬಾವಿಯ ಕಟ್ಟೆಯ ಮೇಲೆ, ಕುರಿಯ ಹಟ್ಟಿಯ ಬಳಿ ಹುಡುಗರು "ಮೂರೂ..." ಎಂದು ದನಿ ಎಳೆದು ಕರೆಯುತ್ತಿದ್ದರು. ಹತ್ತನೆಯ ಇಯತ್ತೆಯ ಪರೀಕ್ಷೆಯ ಫಾರ್ಮು ತುಂಬುವ ದಿನ ಅವಳೇ ಎದ್ದು ನಿಂತು, ಸರ್, ನನ್ನ ಹೆಸರು ಮಲ್ಲಿಕಾ ಅಂತ ಬರೀರಿ, ಎಂದಿದ್ದಳು. ಆ ಹೆಸರನ್ನು ಯಾವುದೋ ಸೋಪಿನ ಪೊಟ್ಟಣದ ಮೇಲಿದ್ದ ಹೂವಿನಿಂದ ತೆಗೆದುಕೊಂಡಿದ್ದಳು. ಮನೆಗೆ ಬಂದು ಹೇಳಿದಾಗ ತಾಯಿ ಬೈಯಲಿಲ್ಲ. ಎರಡು ಕೂಸು ಮಣ್ಣಿಗೆ ಕೊಟ್ಟ ಮೇಲೆ ಹರಕೆ ಹೊತ್ತು ಹುಟ್ಟಿದವಳಿಗೆ ಇಟ್ಟ ಹೆಸರದು ಎಂದು ನೆನಪಿಸಲೂ ಇಲ್ಲ. "ನಿನಗ ಬ್ಯಾಡಾತೇನು?" ಎಂದಷ್ಟೇ ಕೇಳಿ, ಅವತ್ತು ಎರಡು ರೊಟ್ಟಿ ಹೆಚ್ಚಿಗೆ ಬಡಿದಳು. ಯಾಕೆ ಹೆಚ್ಚಿಗೆ ಎಂಬುದು ಮಲ್ಲಿಕಾಳಿಗೆ ಇವತ್ತಿಗೂ ತಿಳಿದಿಲ್ಲ.

ರೊಟ್ಟಿ ಸೀದಿತು. ತೆಗೆದು ಪಕ್ಕಕ್ಕಿಟ್ಟು ಸೀದದ್ದನ್ನು ತನ್ನ ಡಬ್ಬಿಗೆ ಹಾಕಿಕೊಂಡಳು.

ಅವಳು ಕೆಲಸ ಮಾಡುವ ಕಂಪನಿ ಸ್ಟೇಷನ್ ರಸ್ತೆಯ ಒಂದು ಮಹಡಿಯ ಮೇಲೆ ಇತ್ತು. ಒಟ್ಟು ಒಂಬತ್ತು ಜನ. ರೈತರ ಸಂಘವೊಂದರ ಬೀಜದ ಡಿಪೋಗಳಿಗೆ, ಮಾನ್ವಿ, ಸಿರವಾರ, ದೇವದುರ್ಗದ ಕಡೆಯ ನಲವತ್ತೊಂದು ಕಡೆಗೆ, ಸಣ್ಣ ಯಂತ್ರಗಳನ್ನು ಮಾಡಿಕೊಟ್ಟಿತ್ತು. ರೈತರು ಬಂದು ಹೆಸರು ಹೇಳಬೇಕು, ಕೌಂಟರಿನವನು ಅದನ್ನು ಕನ್ನಡದಲ್ಲಿ ಒತ್ತಬೇಕು, ಯಂತ್ರ ಅವರ ಕಡತ ತೆರೆದು ಎಷ್ಟು ಎಕರೆ, ಯಾವ ಬೀಜ ಎಂದು ತೋರಿಸಬೇಕು. ತೆರೆಯ ಮೇಲೆ ಕಾಣುವುದನ್ನು ಹುಡುಗರು ಬರೆದಿದ್ದರು. ಕಾಣದ್ದನ್ನು, ಯಂತ್ರದ ತೀರಾ ಒಳಗಿನ ಭಾಗವಾದ ಕರ್ನಲ್ಲಿನೊಳಗೆ ಕೂತು ಹೆಸರು ಕೊಟ್ಟರೆ ಕಡತ ಹುಡುಕಿಕೊಡುವ ಕೆಲಸವನ್ನು, ಮಲ್ಲಿಕಾ ಬರೆದಿದ್ದಳು. ಆರು ವರ್ಷದ ಹಿಂದೆ, ಎರಡು ದಿನದಲ್ಲಿ. ಗೋಡೆಯಲ್ಲಿ ಸಾಲಾಗಿ ಗೂಡುಗಳಿದ್ದ ಹಾಗೆ ಒಂದು ಸಾವಿರದಷ್ಟು ಗೂಡು ಮಾಡಿ, ಹೆಸರಿನ ಮೊದಲ ಎಂಟು ಬೈಟುಗಳನ್ನು, ಅಂದರೆ ಯಂತ್ರ ಅಕ್ಷರಗಳನ್ನು ಕೂಡಿಸಿಡುವ ಎಂಟು ಚೂರು ಜಾಗಗಳನ್ನು, ತೆಗೆದುಕೊಂಡು ಒಂದು ಲೆಕ್ಕ ಮಾಡಿ, ಈ ಹೆಸರು ಈ ಗೂಡಿಗೆ ಎಂದು ನೇರವಾಗಿ ಕೈ ಹಾಕುವ ವಿಧಾನ ಅದು. ಪ್ರೊಸೆಸರು ಎಂಟು ಬೈಟುಗಳನ್ನು ಒಂದೇ ಗುಟುಕಿಗೆ ಓದುತ್ತದೆ, ಅದಕ್ಕೇ ಎಂಟು. ಎಷ್ಟು ಚೊಕ್ಕವಾಗಿ ಬಂದಿತ್ತೆಂದರೆ ಅವಳು ಆ ಸಾಲುಗಳನ್ನು ಸಂಜೆ ಮತ್ತೊಮ್ಮೆ ತೆರೆದು ಸುಮ್ಮನೆ ನೋಡಿದ್ದಳು. ಮರುದಿನ ಬೆಂಗಳೂರಿಂದ ಯಂತ್ರ ನೋಡಲು ಬಂದವರ ಎದುರು ತೋರಿಸಿದಾಗ ಹೆಸರು ಒತ್ತುವ ಮೊದಲೇ ಕಡತ ತೆರೆದಂತಾಗಿ ಅವರು ಚಪ್ಪಾಳೆ ತಟ್ಟಿದ್ದರು. ಪರೀಕ್ಷೆಗೆ ಹಾಕಿದ ಇನ್ನೂರು ಹೆಸರುಗಳನ್ನು ಅವಳು ಹಳೆಯ ಪಠ್ಯಪುಸ್ತಕದಿಂದ ತೆಗೆದಿದ್ದಳು. ರವಿ, ಸುರೇಶ್, ಅನಿತಾ, ಪೀಟರ್. ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ.

ಮೂರು ವಾರದ ಹಿಂದೆ ಮಾನ್ವಿಯಿಂದ ಮೊದಲ ದೂರು ಬಂದ ದಿನ ಅವಳು ಹತ್ತು ನಿಮಿಷದಲ್ಲಿ ಕಾರಣ ಕಂಡುಕೊಂಡಳು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು, ಕನ್ನಡದ ಒಂದೊಂದು ಅಕ್ಷರಕ್ಕೆ ಮೂರು. ಎಂಟು ಬೈಟುಗಳಲ್ಲಿ ಹ ಹಿಡಿಯುತ್ತದೆ, ನ ಹಿಡಿಯುತ್ತದೆ, ಕೊಂಬು ಪೂರ್ತಿ ಹಿಡಿಯುವುದಿಲ್ಲ. ಹನುಮಂತ, ಹನುಮಂತ್ರಾಯ, ಹನುಮವ್ವ, ಹನುಮೇಶ, ಎಲ್ಲರೂ ಒಂದೇ ಗೂಡಿಗೆ ಬಂದು ಬಿದ್ದಿದ್ದರು. ಬೇರೆ ಸೀಮೆಯಲ್ಲಾಗಿದ್ದರೆ ಹತ್ತಿಪ್ಪತ್ತು ಜನ ಬೀಳುತ್ತಿದ್ದರೇನೋ. ಊರಿಗೊಂದು ಹನುಮಪ್ಪನ ಗುಡಿಯಿದ್ದು ಮನೆಗೊಬ್ಬರು ಅವನ ಹೆಸರಿನವರಿರುವ ಈ ಸೀಮೆಯಲ್ಲಿ ಮಾನ್ವಿಯ ಒಂದೇ ಡಿಪೋದಲ್ಲಿ ಏಳುನೂರು ಜನ ಬಿದ್ದಿದ್ದರು. ಗೂಡಿನೊಳಗೆ ಒಬ್ಬರ ಹಿಂದೆ ಒಬ್ಬರು ನಿಂತಿದ್ದರು. ಯಂತ್ರದೊಳಗಿನ ಅಗ್ಗದ ಮೆಮೊರಿ ಕಾರ್ಡಿನಿಂದ ಒಬ್ಬೊಬ್ಬರನ್ನೇ ಓದಿ, ಇವರೋ ಅಲ್ಲವೋ ಎಂದು ಕೇಳುತ್ತ ಹೋಗುವಷ್ಟರಲ್ಲಿ ಹತ್ತು ಸೆಕೆಂಡು ಮುಗಿದು, ಯಂತ್ರ ಕೆಟ್ಟಿದೆ ಎಂದು ಯಂತ್ರವೇ ತಿಳಿದು ಮೊದಲಿನಿಂದ ಶುರುವಾಗುತ್ತಿತ್ತು. ಮುನ್ನೂರ ಮೂವತ್ತರ ಆಚೆಗಿನವರು ಅದಕ್ಕೆ ಎಂದೂ ಸಿಗುತ್ತಿರಲಿಲ್ಲ. ಸಂಘ ಯಂತ್ರ ಕೂಡಿಸಿದ ಹೋದ ವರ್ಷ ಗಂಡಸರ ಹೆಸರು ಬರೆಸಿಕೊಂಡಿತ್ತು, ಹೆಂಗಸರದ್ದು ಈ ವರ್ಷ. ಹಾಗಾಗಿ ಮುನ್ನೂರ ಮೂವತ್ತರ ಆಚೆಗೆ ಯಾರಿದ್ದಾರೆಂದು ಅವಳು ನೋಡಬೇಕಾಗಿಯೂ ಇರಲಿಲ್ಲ.

ಕಾರಣ ಗೊತ್ತಾದ ದಿನ ಅವಳು ಅದನ್ನು ಹೇಳಲಿಲ್ಲ. ಸರಿ ಮಾಡಿಯೇ ಹೇಳೋಣ ಎಂದುಕೊಂಡಳು. ಅದು ಅರ್ಧ ಮಾತ್ರ ನಿಜವಾಗಿತ್ತು.

ಆಫೀಸಿನಲ್ಲಿ ಅಕ್ಷೋಭ್ಯ ಆಗಲೇ ಬಂದು ಕೂತಿದ್ದ. ಕಂಪನಿಯ ಮಾಲಿಕ, ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವನು. ಹಣೆಯ ಮೇಲೆ ಅಂಗಾರ, ಅಕ್ಷತೆ. ದ್ವಾದಶಿಯಾದ್ದರಿಂದ ಬೆಳ್‌ಬೆಳಗ್ಗೆ ಊಟ ಮುಗಿಸಿದ್ದವನ ಮುಖದಲ್ಲಿ ಈಗಲೇ ಮಧ್ಯಾಹ್ನದ ಜಡವಿತ್ತು. ಎದುರಿಗೆ ಮುದಸ್ಸಿರ್ ನಿಂತಿದ್ದ. ಊರೂರಿಗೆ ಮೋಟಾರ್‌ಸೈಕಲ್ಲಿನಲ್ಲಿ ಹೋಗಿ ಯಂತ್ರ ಕೂಡಿಸಿ, ಸಂಘದವರು ಕೊಟ್ಟ ಪಟ್ಟಿಯನ್ನು ಅದರೊಳಗೆ ತುಂಬಿಸುವವನು ಅವನು. ಕುರ್ಚಿಯಿತ್ತು, ಅವನು ಕೂತಿರಲಿಲ್ಲ.

"ಬರ್ರಿ ಮೇಡಂ. ಮಾನ್ವಿದು ಮತ್ತ ಬಂದದ. ಇದು ಎರಡನೇ ಪತ್ರ. ನಾ ಹೇಳೋದೇನು, ಇವ ಹೆಸ್ರು ತುಂಬಿಸೋವಾಗ ಎರಡೆರಡು ಸರ್ತಿ ತುಂಬಿಸ್ಯಾನ. ಅದಕ್ಕ ಗೋಜಲಾಗೇದ."

"ಕಸಂ ಸೇ ಇಲ್ರಿ ಸರ್. ಕೊಟ್ಟ ಪಟ್ಟಿ ಕೊಟ್ಟಂಗ ತುಂಬೀನಿ. ಮಂದೀನೇ ಅಷ್ಟು ಅದಾರ್ರಿ ಹನುಮಂತಗೋಳು. ನಮ್ಮ ಓಣ್ಯಾಗ ಮಹಬೂಬ್ ಅಂತ ಒಂದು ಸಲ ಕೂಗ್ರಿ, ಅರ್ಧ ಓಣಿ ಬಾಗ್ಲಾ ತೆಗೀತದ."

ಅಕ್ಷೋಭ್ಯ ನಗಲಿಲ್ಲ. "ನಗಚಾಟ್ಲಿ ಸಾಕಪಾ. ಸಂಘದವ್ರಿಗೆ ಉತ್ತರ ಬರದೀನಿ, ಹೆಸ್ರು ತುಂಬಿಸಿದ ಆಪರೇಟರಿನ ತಪ್ಪಾಗೇದ, ಅಂವನ್ನ ಬದಲು ಮಾಡ್ತೀವಿ ಅಂತ. ಈ ತಿಂಗಳು ಮುಗಿಸಿ ಕೆಲ್ಸ ಬಿಡು ನೀನು." ಮುದಸ್ಸಿರ್ ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ತೆಗೆದುಕೊಂಡ. ಅಕ್ಷೋಭ್ಯ ಮಲ್ಲಿಕಾಳ ಕಡೆ ತಿರುಗಿದ. "ನಿಮ್ಮ ಕೋಡಿನ್ಯಾಗಂತೂ ಏನೂ ಇಲ್ಲಲ್ರಿ?"

ಅವನ ಮೇಜಿನ ಎರಡನೇ ಖಾನೆಯಲ್ಲಿ ಅವಳ ನಾಮಫಲಕ ಇತ್ತು. ಹಿಂದಿನ ವಾರ ಮಾಡಿಸಿ ತಂದದ್ದು, ಬಡಿಗ ಬಂದು ಬಾಗಿಲಿಗೆ ಹೊಡೆಯುವುದೊಂದು ಬಾಕಿ. ಮಲ್ಲಿಕಾ, ಮುಖ್ಯ ತಂತ್ರಜ್ಞೆ. ಇಪ್ಪತ್ತೆರಡು ವರ್ಷ ಅವರಿವರ ತಪ್ಪನ್ನು ತಿದ್ದುತ್ತ, ಸಭೆಗಳಲ್ಲಿ ಚಹಾ ಬಂದಾಗ ಅದನ್ನು ಹಂಚುವವಳು ತಾನೇ ಎಂದು ಎಲ್ಲರೂ ತನ್ನ ಕಡೆ ನೋಡಿದಾಗ ಎದ್ದು ಹಂಚುತ್ತ ಬಂದವಳಿಗೆ ಸಿಕ್ಕ ಒಂದು ಬಾಗಿಲು. ಹೇಳಿಬಿಟ್ಟರೆ ಅವನು ಬೈಯುವುದಿಲ್ಲ. ಅವನು ಬೈಯುವ ಪೈಕಿಯಲ್ಲ. ಹೌದೇನ್ರಿ, ಎನ್ನುತ್ತಾನೆ, ಫಲಕ ಖಾನೆಯಲ್ಲೇ ಉಳಿಯುತ್ತದೆ. ಕನ್ನಡದಲ್ಲಿ ಹೆಸರಿರುವ ಹೆಂಗಸಿಗೆ ಕನ್ನಡದ ಹೆಸರಿಗೆ ಎಷ್ಟು ಜಾಗ ಬೇಕೆಂಬುದು ಗೊತ್ತಿರಲಿಲ್ಲ ಎಂದು ಒಂಬತ್ತು ಜನ ತಿಳಿಯುತ್ತಾರೆ.

"ಇವನ ತಪ್ಪಲ್ಲ ಅನಸ್ತದ್ರಿ," ಎಂದಳು. "ಗೂಡಿನ ಲೆಕ್ಕದಾಗ ಅದ. ಒಂದೇ ಗೂಡಿಗೆ ಎಲ್ಲಾ ಬೀಳಾಕತ್ತಾವ. ಗೂಡು ತೆಗದು ಮರ ಮಾಡೋಣ್ರಿ, ಟೊಂಗಿಗೊಮ್ಮೆ ಅರ್ಧ ಬಿಟಗೊಂತ ಹೋಗೋದು, ಹೆಸ್ರು ಸಾಲಾಗಿ ಕೂಡ್ತಾವ, ಎಷ್ಟೇ ಹನುಮಂತರಿದ್ರೂ ಹನ್ನೆರಡು ಹೆಜ್ಜಿ." ಗೂಡಿನ ಲೆಕ್ಕ ಯಾರದು ಎಂದು ಅವಳು ಹೇಳಲಿಲ್ಲ, ಅವನು ಕೇಳಲೂ ಇಲ್ಲ.

"ಮೇಡಂ, ಈ ಗೂಡಿನ ಲೆಕ್ಕ, ಹ್ಯಾಶ್, ಅಂದ್ರ ಒಂದೇ ಹೆಜ್ಜಿ. ಯಾವ ಪುಸ್ತಕ ತೆಗದ್ರೂ ಅದೇ ಬರದದ. ಒಂದು ಬಿಟ್ಟು ಹನ್ನೆರಡು ಯಾಕ ಇಡಬೇಕ್ರಿ ನಾವು? ಮತ್ತ ಕರ್ನಲ್ಲು ಬದಲಾತಂದ್ರ ನಲವತ್ತೊಂದು ಕಡಿ ಹೋಗಿ ಕಾರ್ಡು ಬದಲು ಮಾಡಬೇಕು. ಆಗದ ಮಾತು." ಅವನು ಪೆನ್ನಿನ ಮುಚ್ಚಳ ಹಾಕಿದ. "ಸಸಾರ ಅದ. ಹೆಸ್ರಿನ ಮುಂದ ನಾಕು ಅಂಕಿ ಹಾಕಿಬಿಡೋಣ. ಒಬ್ಬೊಬ್ಬರಿಗೆ ಒಂದೊಂದು ನಂಬರ್. ಗೂಡು ತಾವೇ ಬ್ಯಾರೆ ಬ್ಯಾರೆ ಆಗ್ತಾವ. ಇಲ್ಲಿಂದಾನೇ ಮಾಡಬಹುದು. ಇವತ್ತೇ ಮಾನ್ವ್ಯಾಗ ಮಾಡಿ ನೋಡ್ರಿ."

ಆಗುತ್ತಿತ್ತು. ಅವಳ ಮರಕ್ಕೆ ಅಡ್ಡ ಬಂದದ್ದು ಅದೇ. ಅಂಕಿಗೆ ಒಂದೊಂದೇ ಬೈಟು ಸಾಕು, ಎಂಟರಲ್ಲಿ ನಾಲ್ಕು ಅವಕ್ಕೆ ಹೋದರೆ ಏಳುನೂರು ಜನ ಚದುರಿ ಸಾವಿರ ಗೂಡುಗಳಿಗೆ ಹಂಚಿಹೋಗುತ್ತಾರೆ. ಅವಳ ಎರಡು ದಿನದ ಚೊಕ್ಕ ಸಾಲುಗಳು ಹಾಗೇ ಉಳಿಯುತ್ತವೆ. ಯಾರೂ ಅವನ್ನು ತೆರೆದು ನೋಡುವುದಿಲ್ಲ. ಒಂದು ಹೆಜ್ಜೆ ಎಂದು ಪುಸ್ತಕ ಹೇಳುವುದು ಗೂಡಿಗೆ ಒಬ್ಬರಂತೆ ಇದ್ದಾಗ ಮಾತ್ರ, ಅದು ಜನರ ಹೆಸರು ಹೇಗಿರುತ್ತವೆಂದು ಕೇಳದೆ ಆಡುವ ಮಾತು, ಎಂದು ಅವಳು ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಚಹಾ ಬಂತು. ಅಕ್ಷೋಭ್ಯ ಅವಳ ಕಡೆ ನೋಡಿದ. ಅವಳು ಎದ್ದಳು. ಕಪ್ಪು ಕೊಡುವಾಗ ಮುದಸ್ಸಿರ್ ತಗ್ಗಿದ ದನಿಯಲ್ಲಿ, "ಅಕ್ಕಾ, ನೀವು ನನ ಸಲುವಾಗಿ ಮಾತಾಡಿದ್ರಿ, ಅಷ್ಟೇ ಸಾಕು," ಎಂದ. ಅವಳಿಗೆ ಕಪ್ಪನ್ನು ಅವನ ಕೈಗೆ ಕೊಟ್ಟದ್ದು ನೆನಪಿದೆ, ತಾನು ಏನು ಹೇಳಿದೆನೆಂಬುದು ನೆನಪಿಲ್ಲ.

ಅಂಕಿ ಹಾಕುವ ಕೆಲಸ ಮುಗಿಸಲು ಅವಳಿಗೆ ಐದು ಸಾಲು ಸಾಕಾಯಿತು. ಕಳಿಸಿಬಿಟ್ಟು, ಕಣ್ಣಾರೆ ನೋಡಿ ಬರುತ್ತೇನೆಂದು ಹೇಳಿ ಮಾನ್ವಿಯ ಬಸ್ಸು ಹತ್ತಿದಳು. ಬಸ್ಸಿನಲ್ಲಿ ಕುರ್ಡಿ ಊರಿನ ಹೆಂಗಸರು ಸೀಟಿನ ಕೆಳಗೆ ಖಾಲಿ ಚೀಲಗಳನ್ನು ಮಡಚಿಟ್ಟು, ಯಾರದೋ ಸೊಸೆಯನ್ನು ಆಡಿಕೊಳ್ಳುತ್ತಿದ್ದರು. ಬಿಸಿಲು ಕಿಟಕಿಯ ಕಂಬಿಗಳ ನೆರಳನ್ನು ಅವಳ ಮಡಿಲ ಮೇಲೆ ಹಾಕಿತ್ತು. ಬಸ್ಸು ತಿರುಗಿದಾಗ ಕಂಬಿಗಳು ಒಂದರ ಮೇಲೊಂದು ಬಿದ್ದು ಒಂದೇ ಆಗುತ್ತಿದ್ದವು, ಮತ್ತೆ ಬಿಡಿಬಿಡಿಯಾಗುತ್ತಿದ್ದವು. ಮೂರೂ, ಎಂದು ಯಾರೋ ದನಿ ಎಳೆದರು. ಅಲ್ಲ, ಕಂಡಕ್ಟರು ಟಿಕೇಟು ಕೇಳುತ್ತಿದ್ದ. ಕರ್ನಲ್ಲಿನ ಕೆಲಸದಲ್ಲಿ ಒಂದು ರೂಢಿಯಿದೆ, ಅದನ್ನು ಅವಳೇ ಹೊಸ ಹುಡುಗರಿಗೆ ಕಲಿಸುತ್ತಾಳೆ. ತಪ್ಪು ಸರಿಮಾಡಿದವರು ತಮ್ಮ ಬದಲಾವಣೆಯ ಕೆಳಗೆ ಎರಡು ಸಾಲು ಬರೆಯಬೇಕು. ಇದು ಯಾವ ಹಳೆಯ ಬದಲಾವಣೆಯ ತಪ್ಪನ್ನು ಸರಿಪಡಿಸುತ್ತದೆ ಎಂದು ಒಂದು, ಸರಿಪಡಿಸಿದವರ ಸಹಿ ಒಂದು. ಹಳೆಯ ಬದಲಾವಣೆಗೆ ಒಂದು ಗುರುತು ಇರುತ್ತದೆ, ಅದನ್ನು ಹಿಡಿದು ಹೋದರೆ ಅದನ್ನು ಯಾರು, ಯಾವ ದಿನ, ಎಷ್ಟು ಗಂಟೆಗೆ ಬರೆದರೆಂಬುದು ಸಿಗುತ್ತದೆ. ನಾಚಿಕಿ ಪಡೋ ಮಾತಲ್ಲ ಇದು, ಮುಂದಿನವ್ರಿಗೆ ದಾರಿ, ಎಂದು ಹುಡುಗರಿಗೆ ಹೇಳುವಾಗ ಅವಳ ದನಿ ಎಷ್ಟು ಗಟ್ಟಿಯಾಗಿರುತ್ತಿತ್ತು. ಮೂರು ಭಾನುವಾರ ಕೂತು ಬರೆದ ಮರದ ಕೆಳಗೆ ಆ ಮೊದಲನೆಯ ಸಾಲನ್ನು ಅವಳು ಇನ್ನೂ ಬರೆದಿರಲಿಲ್ಲ. ಮರೆತದ್ದೆಂದು ತನಗೆ ತಾನು ಹೇಳಿಕೊಂಡಿದ್ದಳು.

ಡಿಪೋದ ಎದುರು ಎರಡು ಪಾಳಿಗಳಿದ್ದವು. ಒಂದು ನೆರಳಿನಲ್ಲಿ ಬೇಗಬೇಗ ಸರಿಯುತ್ತಿತ್ತು. ಇನ್ನೊಂದು ಗೋಡೆಗುಂಟ, ಬಿಸಿಲಿನಲ್ಲಿ, ಹೆಚ್ಚೂಕಡಿಮೆ ಹೆಂಗಸರದ್ದೇ. ಸೆರಗು ಹೊದ್ದು ಕೂತವರು, ಚೀಲದ ಮೇಲೆ ಕೂತವರು, ಎಲೆ ಅಡಿಕೆ ಹಾಕಿಕೊಂಡವರು. ಯಾರಿಗೂ ಸಿಟ್ಟಿದ್ದಂತೆ ಕಾಣಲಿಲ್ಲ. ಮಲ್ಲಿಕಾ ನೇರವಾಗಿ ಕೌಂಟರಿಗೆ ಹೋಗಬೇಕೆಂದು ಬಂದವಳು, ಯಾಕೋ ಆ ಪಾಳಿಯ ಕೊನೆಗೆ ಹೋಗಿ ನಿಂತಳು. ಗೋಡೆಯ ಸುಣ್ಣ ಭುಜಕ್ಕೆ ಹತ್ತಿತು.

"ಬಾ ಬೇ ಬಾ. ನಿನ್ನೂ ಹೊತ್ತಗೊಂಡು ಬಂದನೇನು ಹನುಮಪ್ಪ?" ಎಂದು ಮುಂದಿದ್ದವಳು ಜಾಗ ಸರಿಸಿದಳು. ಅವಳ ಮುಂದಿನವಳು ಇಣುಕಿ ನೋಡಿ, "ಪ್ಯಾಟಿಯಾಕಿ ಇದ್ದಂಗ ಅದಾಳಲ್ಲೇ. ಯಾವ ಹನುಮವ್ವ ನೀನು?" ಎಂದಳು.

"ಮೂರನೇಕಿ," ಎಂದಳು ಮಲ್ಲಿಕಾ.

ಅದು ಬಾಯಿಂದ ಬಿದ್ದ ಮೇಲೆ ಅವಳಿಗೇ ಕೇಳಿಸಿತು. ಮೂವತ್ತು ವರ್ಷ ಮುಚ್ಚಿಟ್ಟದ್ದು ಹೊರಗೆ ಬಂದರೆ ಏನೋ ಒಡೆಯುತ್ತದೆ ಎಂದುಕೊಂಡಿದ್ದಳು. ಏನೂ ಒಡೆಯಲಿಲ್ಲ. ಪಾಳಿಗೆ ಪಾಳಿ ನಕ್ಕಿತು. "ಮೂರನೇಕಿ ಅಂತ! ಹಂಗಾದ್ರ ನಾ ಇನ್ನೂರನೇಕಿ," "ನೀ ಇನ್ನೂರಾದ್ರ ನಾನು ನಿನಕಿಂತ ಮದಲ ಬಂದೀನಿ ಮತ್ತ," ಎಂದು ಒಬ್ಬರಿಗೊಬ್ಬರು ತಿವಿದಾಡಿದರು. ಅವಳಿಗೆ ನಗು ಬಂತು, ಕಣ್ಣಿನಲ್ಲಿ ನೀರೂ ಬಂತು, ಬಿಸಿಲಿಗೆ ಎಂಬಂತೆ ಒರೆಸಿಕೊಂಡಳು.

ಆಗ ಕೌಂಟರಿನ ಸೈಫುದ್ದೀನ್ ಒಳಗಿನಿಂದ ಒಂದು ಹಾಳೆ ಹಿಡಿದು ಬಂದ. ರಾಯಚೂರಿನಿಂದ ಹೊಸ ಪಟ್ಟಿ ಬಂದಿದೆ, ಎಲ್ಲರಿಗೂ ನಂಬರ್ ಕೊಟ್ಟಿದ್ದಾರೆ, ಇನ್ನು ಮೇಲೆ ಹೆಸರಿನ ಮೊದಲು ನಂಬರ್ ಹೇಳಬೇಕು ಎಂದು ಕೂಗಿ ಹೇಳಿದ. ಒಬ್ಬೊಬ್ಬರ ಊರು, ಗಂಡನ ಹೆಸರು ಕೇಳಿ ಹಾಳೆಯಲ್ಲಿ ಹುಡುಕಿ, "ಕೈ ಹಿಡೀರಿ ಯವ್ವಾ," ಎಂದು ಅವರ ಅಂಗೈಯ ಮೇಲೆ ಬಾಲ್‌ಪೆನ್ನಿನಿಂದ ನಾಲ್ಕಂಕಿ ಬರೆಯುತ್ತ ಬಂದ. ಒಳ್ಳೆಯ ಮನಸ್ಸಿನಿಂದಲೇ ಬರೆಯುತ್ತಿದ್ದ, ಮರೆತು ಮತ್ತೆ ನಿಲ್ಲುವುದು ಬೇಡವೆಂದು. ಮೊದಲ ನಾಲ್ವರು ಒಳಗೆ ಹೋಗಿ ಕ್ಷಣದಲ್ಲಿ ಚೀಲ ಹೊತ್ತು ಹೊರಬಂದರು. "ಸಿಕ್ತು ನೋಡ್ರೆ, ಒಂದೇ ಏಟಿಗೆ ಸಿಕ್ತು!" ಎಂದು ಒಬ್ಬಳು ಅಂಗೈ ಎತ್ತಿ ತೋರಿಸಿದಳು. ಸರಿಹೋಯಿತಲ್ಲ, ಎಂದು ಮಲ್ಲಿಕಾಳ ಒಳಗೆ ಯಾರೋ ಅಂದರು. ಎಲ್ಲರಿಗೂ ಬೀಜ ಸಿಗುತ್ತದೆ. ಹನುಮಕ್ಕ ಇನ್ನು ಕೂಸು ಹೊತ್ತು ನಿಲ್ಲುವುದಿಲ್ಲ. ಇಷ್ಟಕ್ಕೆ ನಿನಗೇನು ಉರಿ? ಬಾಗಿಲಿಗೆ ಫಲಕ ಹೊಡೆಸು, ಮನೆಗೆ ಹೋಗು. ಅವಳು ಈ ದನಿಯನ್ನು ಗುರುತಿಸಿದಳು. ಅದು ಫಾರ್ಮು ತುಂಬುವ ದಿನ ಎದ್ದು ನಿಂತಿದ್ದ ಹುಡುಗಿಯದು.

ಅವಳ ಪಕ್ಕದಲ್ಲಿ ಬಾಗಲವಾಡದ ಒಬ್ಬ ಮುದುಕಿ ಇದ್ದಳು. ಬರೆಸಿಕೊಂಡ ಅಂಗೈಯನ್ನು ಒದ್ದೆ ಬಣ್ಣ ಹಚ್ಚಿಕೊಂಡವಳ ಹಾಗೆ ದೂರ ಹಿಡಿದು ನಿಂತಿದ್ದಳು. ಮಲ್ಲಿಕಾಳ ಮುಂದೆ ಕೈ ಚಾಚಿದಳು. "ಏನ್ ಬರದಾನ ಓದವ್ವ. ನನಗ ಬರಂಗಿಲ್ಲ."

"ಸೊನ್ನಿ, ಐದು, ಆರು, ಎಂಟು."

"ಸೊನ್ನಿ... ಐದು..." ಮುದುಕಿ ತುಟಿ ಆಡಿಸಿದಳು, ಬಿಟ್ಟಳು. ಬೆವರಿಗೆ ಎಂಟರ ತಲೆ ಆಗಲೇ ಕಲಸಿತ್ತು. "ಇದು ಅಳಿಸ್ತಂದ್ರ ಮುಂದಿನ ಸರ್ತಿ?"

"ಮತ್ತ ಪಾಳಿ ಹಚ್ಚೋದೇ, ಇನ್ನೇನು," ಎಂದಳು ಮುಂದಿದ್ದವಳು.

ಮುದುಕಿ ಅಂಗೈಯನ್ನು ಮಡಚಲೂ ಆಗದೆ ಬಿಡಿಸಲೂ ಆಗದೆ ನೋಡಿಕೊಂಡಳು. "ಹೆಸ್ರು ಆದ್ರ ಬಾಯಾಗ ಇರ್ತಿತ್ತವ್ವ. ಇದನ್ನ ಎಲ್ಲಿ ಇಟಗೊಳ್ಳಲಿ?"

ಸೈಫುದ್ದೀನ್ ಮಲ್ಲಿಕಾಳ ಬಳಿ ಬಂದು, ಪೆನ್ನು ಎತ್ತಿದವನು ಗುರುತು ಹಿಡಿದು ಗಾಬರಿಯಾದ. "ಯಾ ಅಲ್ಲಾ, ಮೇಡಂ ನೀವು! ಪಾಳ್ಯಾಗ ಯಾಕ್ರಿ? ಒಳಗ ಬರ್ರಿ, ಫ್ಯಾನ್ ಅದ. ಮಸ್ತ್ ಮಾಡಿ ಕೊಟ್ಟೀರಿ, ಎಲ್ಲಾ ಪಟಾಪಟ್ ಸಿಗಾಕತ್ತಾವ." ಹೆಂಗಸರ ನಗು ನಿಂತುಹೋಯಿತು. ಇವಳು ತಮ್ಮವಳಲ್ಲವೆಂದು ಅವರಿಗೆ ತಿಳಿದದ್ದು, ಅವರು ಒಂದೊಂದು ಗೇಣು ಹಿಂದಕ್ಕೆ ಸರಿದದ್ದು, ಮೂರನೇಕಿ ಎಂದದ್ದನ್ನು ಈಗ ತಮ್ಮನ್ನು ಅಣಕಿಸಿದ್ದೆಂದು ಅವರು ತಿಳಿಯಬಹುದೆಂಬುದು, ಎಲ್ಲವೂ ಬಿಸಿಲಿನ ಹಾಗೆ ಅವಳ ಮುಖಕ್ಕೆ ಬಡಿಯಿತು. ಅವಳು ಒಳಗೆ ಹೋಗಲಿಲ್ಲ. ಮುದುಕಿಯ ಸರದಿ ಬರುವವರೆಗೂ ಅಲ್ಲೇ ನಿಂತಳು, ಅವಳ ಪರವಾಗಿ ಕೌಂಟರಿನಲ್ಲಿ ನಾಲ್ಕು ಅಂಕಿ ಹೇಳಿದಳು, ಚೀಲವನ್ನು ಅವಳ ತಲೆಗೆ ಎತ್ತಿಕೊಟ್ಟಳು. "ಆತು ಬಿಡವ್ವ," ಎಂದಳು ಮುದುಕಿ, ಹೋಗುತ್ತ.

ತಿರುಗಿ ಬರುವ ಬಸ್ಸಿನಲ್ಲಿ ಕೂತಾಗ ಅವಳಿಗೆ ತನ್ನೊಳಗೆ ದುಃಖ ಇಲ್ಲದಿರುವುದು ಆಶ್ಚರ್ಯವಾಯಿತು. ಬೆಳಗಿನಿಂದ ಹೇಳದೆ ಉಳಿದದ್ದು ಈಗ ಗಟ್ಟಿಯಾಗಿ ನಿಂತಿತ್ತು, ಊರಿಕೊಳ್ಳಲು ಸಿಕ್ಕ ಕೋಲಿನ ಹಾಗೆ. ಜನ ತಮ್ಮ ಹೆಸರನ್ನು ಯಂತ್ರಕ್ಕೆ ಹೊಂದಿಸಿಕೊಳ್ಳಬೇಕೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಪುಸ್ತಕ ಒಂದು ಹೆಜ್ಜೆ ಎನ್ನುತ್ತದೆ. ಇರಲಿ. ಹನ್ನೆರಡು ಹೆಜ್ಜೆಯೇ ಆಗಲಿ, ಇಡೀ ಹೆಸರನ್ನು ಮೊದಲಿನಿಂದ ಕೊನೆಯವರೆಗೆ ಓದುವ ಹನ್ನೆರಡು. ಮರದಲ್ಲಿ ಹನುಮವ್ವನ ಪಕ್ಕ ಹನುಮವ್ವ ಕೂರುತ್ತಾಳೆ, ಅವಳ ಪಕ್ಕ ಇನ್ನೊಬ್ಬಳು, ಊರು ಬೇರೆ, ಗಂಡನ ಹೆಸರು ಬೇರೆ. ಒಂದೇ ತೆರನಾಗಿರುವುದು ಅಲ್ಲಿ ಯಾರ ತಪ್ಪೂ ಅಲ್ಲ. ಕಾರ್ಡು ಬದಲಿಸಲು ನಲವತ್ತೊಂದು ಊರಿಗೆ ಹೋಗಬೇಕು ಎಂದನಲ್ಲ ಅವನು, ಹೋಗೋಣ, ಅವಳಿಗೆ ರಜೆಗಳು ಎಷ್ಟೋ ಉಳಿದಿವೆ, ಮುದಸ್ಸಿರನಿಗೆ ದಾರಿ ಗೊತ್ತು. ಹೊರಗೆ ಬತ್ತದ ಗದ್ದೆಗಳು ಹಿಂದಕ್ಕೆ ಹೋಗುತ್ತಿದ್ದವು. ಅವಳು ಲ್ಯಾಪ್‌ಟಾಪ್ ತೆರೆದು ಮಡಿಲ ಮೇಲೆ ಇಟ್ಟುಕೊಂಡು, ಮರದ ಕೆಳಗೆ, ಇಷ್ಟು ದಿನ ಖಾಲಿಯಿದ್ದ ಕಡೆ, ಆರು ವರ್ಷ ಹಿಂದಿನ ತನ್ನ ಬದಲಾವಣೆಯ ಗುರುತನ್ನು ನೋಡಿ ನೋಡಿ ಒಂದೊಂದೇ ಅಕ್ಷರ ಬರೆದಳು. ಮೇಲೆ ಎರಡು ವಾಕ್ಯ ಸೇರಿಸಿದಳು. ಹೆಸರಿನ ಮೊದಲ ಎಂಟು ಬೈಟು ಸಾಕೆಂದು ತಿಳಿದದ್ದು ನನ್ನ ತಪ್ಪು. ಪಟ್ಟಿ ತುಂಬಿಸಿದವರದು ತಪ್ಪಿಲ್ಲ. ಕಳಿಸಬೇಕಾದವರ ಸಾಲಿನಲ್ಲಿ ಅಕ್ಷೋಭ್ಯನ ಜೊತೆಗೆ ಸಂಘದವರ ವಿಳಾಸವನ್ನೂ ಹಾಕಿದಳು. ಸಹಿಯ ಸಾಲು ಉಳಿಯಿತು. ಬೆರಳುಗಳು ರೂಢಿಯಂತೆ ಮ ಎಂದು ಒತ್ತಿದವು. ಅವಳು ಅದನ್ನು ಅಳಿಸಿ, ಲ್ಯಾಪ್‌ಟಾಪ್ ಮುಚ್ಚಿದಳು.

ಮನೆಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಅಯ್ಯಪ್ಪ ಕಟ್ಟೆಯ ಮೇಲೆ ಕೂತು ಪಕ್ಕದ ಮನೆಯವನ ಜೊತೆ ಮಾತಾಡುತ್ತಿದ್ದ. "ಮುಖ ಎಲ್ಲಾ ಕೆಂಪಗಾಗೇದಲ್ಲ, ಏನಾತು?" ಎಂದ.

"ಏನಿಲ್ಲ. ಬಿಸ್ಲು."

ಫೋನಿನಲ್ಲಿ ಅಕ್ಷೋಭ್ಯನ ಸಂದೇಶವಿತ್ತು. ಮಾನ್ವಿಯವರು ಖುಷಿಯಾಗಿದ್ದಾರೆ, ನಾಳೆ ಹನ್ನೊಂದಕ್ಕೆ ಬಡಿಗ ಬರುತ್ತಾನೆ, ಫಲಕ ಹೊಡೆಸಿಬಿಡೋಣ ಎಂದು. ಆಗಲಿ ಎಂದು ಉತ್ತರಿಸಿದಳು. ನಾಳೆ ಒಂಬತ್ತಕ್ಕೆ ಅವಳು ಮರವನ್ನು, ಆ ಎರಡು ವಾಕ್ಯಗಳ ಸಮೇತ, ಕಳಿಸುತ್ತಾಳೆ. ಹನ್ನೊಂದಕ್ಕೆ ಬಡಿಗನಿಗೆ ಕೆಲಸ ಇರುತ್ತದೋ ಇಲ್ಲವೋ, ಅದು ಅಕ್ಷೋಭ್ಯನಿಗೆ ಬಿಟ್ಟದ್ದು. ಸಹಿಯ ಸಾಲಿನಲ್ಲಿ ಏನು ಬರೆಯಬೇಕೆಂಬುದು ಬಸ್ಸು ಇಳಿಯುವ ಮೊದಲೇ ಅವಳಿಗೆ ಗೊತ್ತಾಗಿತ್ತು. ಕೈ ತೊಳೆದು, ಹಿಟ್ಟಿಗೆ ಬಿಸಿನೀರು ಸುರಿದು ಕಲಸತೊಡಗಿದಳು. ಪಕ್ಕದ ಮನೆಯ ಕಿಟಕಿ ಈಗ ತೆರೆದಿತ್ತು, ಅಲ್ಲಿ ಯಾರೋ ಒಗ್ಗರಣೆ ಹಾಕುತ್ತಿದ್ದರು.

"ಬಂದೇನು ಹನುಮವ್ವಾ?" ಎಂದು ಒಳಕೋಣೆಯಿಂದ ಬೂದೆಮ್ಮ ಕೂಗಿದಳು.

"ಓ," ಎಂದಳು ಅವಳು, ಕಟ್ಟೆಯವರೆಗೂ ಕೇಳುವ ಹಾಗೆ. "ಬಂದೀನಿ ಬೇ."